ನೆಲಕ್ಕೆ ತಾಗಿದ ಕಾಲು

ನಸುಕಿನಲ್ಲಿ ನೀರಿಗೆ ಹೊರಟಿದ್ದ ನನ್ನ ಕಣ್ಣೆದುರೇ ಪಂಕ್ಚರ್ ಅಂಗಡಿಯ ಖಾಜಾನ ಕಾಲು ನೆಲಕ್ಕೆ ತಾಗಿತು. ಎಂಬತ್ತರ ದಶಕದ ಮಾನ್ವಿ. ಹಮಾಲನೊಬ್ಬನ ಮಗಳ ಹೃದಯದ ಆಪರೇಷನ್ನಿಗೆ ಹಣ ಕೂಡಿಸಲು ಖಾಜಾ ಏಳು ದಿನ ಸೈಕಲ್ಲಿನಿಂದ ಇಳಿಯದೆ ಮೈದಾನ ಸುತ್ತುವ ಪಣ ತೊಟ್ಟಿದ್ದ. ಊಟ, ಸ್ನಾನ ಎಲ್ಲ ಸೈಕಲ್ ಮೇಲೆಯೇ; ಕಾಲು ನೆಲಕ್ಕೆ ತಾಗಿದರೆ ಲೆಕ್ಕ ಮತ್ತೆ ಮೊದಲಿನಿಂದ. ಅಂದು ಆರನೇ ದಿನ. ಜೋಂಪು ಹತ್ತಿ ವಾಲಿದ್ದ. ನನ್ನ ಹೊರತು ಯಾರೂ ನೋಡಿರಲಿಲ್ಲ. ನಾನು ಸುಮ್ಮನೆ ನಡೆದೆ.

ಜನ ಸೇರಿದ ಮೇಲೆ ಅವನೇ ಮೈಕಿನಲ್ಲಿ ಹೇಳಿದ: “ನನ್ನ ಕಾಲು ನೆಲಕ್ಕ ಹತ್ತಿತ್ರಿ. ಇವತ್ತು ಮತ್ತ ಒಂದನೇ ದಿನ.”

ಏಳು ದಿನ ಮುಗಿಸಿದವನ ಅಂಗಿಗೆ ಮಾತ್ರ ನೋಟು ಚುಚ್ಚುವುದು ರೂಢಿ. ಬಳೆ ಮಾರುವ ಬೀಬಮ್ಮ ಆಗಲೇ ಪಿನ್ನು ಹಿಡಿದು ಸೈಕಲ್ಲಿನ ಜೊತೆ ಓಡಿದಳು. “ನೀ ಬೇಕಾದ್ರ ತಿಂಗಳಗಟ್ಟಲೆ ತುಳಿ ಬೇಟಾ, ಕೂಸಿನ ಎದಿ ಕಾಯಂಗಿಲ್ಲ,” ಎಂದು ಅವನ ಅಂಗಿಗೆ ನೋಟು ಚುಚ್ಚಿದಳು. ಅವಳ ಹಿಂದೆ ಊರೇ ಓಡಿತು.

ಹುಡುಗಿ ಹೈದರಾಬಾದಿಗೆ ಹೋಗಿ ಗುಣವಾಗಿ ಬಂದಳು. ಹಣ ಕೂಡಿದರೂ ಖಾಜಾ ಮಾತ್ರ ಅಂದು ಇಳಿದಿರಲಿಲ್ಲ. ಮತ್ತೆ ಪೂರ್ತಿ ಏಳು ದಿನ ತುಳಿದ. ಆ ಏಳೂ ನಸುಕಿನಲ್ಲಿ ನಾನು ಕೊಡ ಕೆಳಗಿಟ್ಟು, ಅವನಿಗೆ ಜೋಂಪು ಹತ್ತದಂತೆ ಮಾತಾಡಿಸುತ್ತ ಪಕ್ಕದಲ್ಲಿ ಒಂದು ಸುತ್ತು ನಡೆಯುತ್ತಿದ್ದೆ.