ಅಯ್ಯಣ್ಣನ ಸುಟ್ಟ ಬಲೆ

ಅಯ್ಯಣ್ಣ ನನಗೆ ಒಂದೇ ಒಂದು ಬೈಗುಳವನ್ನೂ ಬೈಯಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಕೃಷ್ಣಾ ದಂಡೆಯ ಅಂಬಿಗರವನು. ಕೆಂಭಾವಿ ಸುತ್ತಿನ ಮೀನುಹೊಂಡಗಳಿಗೆಲ್ಲ ಬಲೆ ಎಳೆಯುವುದು ಅವನ ಕಸುಬು. ಬಲೆ ಅವನಪ್ಪ ಹೆಣೆದದ್ದು. ಒಂದು ಹೊಂಡದಿಂದ ತೆಗೆದರೆ ಮೂರು ದಿನ ಬಂಡೆಯ ಮೇಲೆ ಒಣಗಿಸಿಯೇ ಇನ್ನೊಂದಕ್ಕೆ ಇಳಿಸುತ್ತಿದ್ದ. ‘ಬಲಿ ಒಣಗಸ್ತೀಯೋ, ಹಪ್ಪಳ ಒಣಗಸ್ತೀಯೋ?’ ಎಂದು ನಾವು ನಗುತ್ತಿದ್ದೆವು.

ಅವನಿಗೂ ಒಂದು ಸಣ್ಣ ಹೊಂಡವಿತ್ತು; ಒಂದೇ ವರ್ಷ ಇಬ್ಬರೂ ನಮ್ಮ ನಮ್ಮ ಹೊಂಡಕ್ಕೆ ಸೀಬಾಸ್ ಬಿಟ್ಟೆವು. ಸಮುದ್ರದ ಮೀನು, ಮರಿಯಿದ್ದಾಗಲೇ ಸಿಹಿನೀರಿಗೆ ಒಗ್ಗಿಸಿದ್ದು. ನನ್ನ ಮೀನುಗಳ ಪಕ್ಕೆಯಲ್ಲಿ ಹುಣ್ಣು ಕಂಡಿತು. ಯಾರಿಗೂ ಹೇಳದೆ ಕೋಳಿಗೆ ಹಾಕುವ ಔಷಧಿಯನ್ನು ಮೇವಿಗೆ ಕಲಸಿದೆ. ಹುಣ್ಣು ಮಾಯಿತು. ಬಲೆ ಎಳೆಯಲು ಬಂದ ಅಯ್ಯಣ್ಣ ಕೇಳಿದ:

‘ರೋಗಗೀಗ ಏನರ ಅದ ಏನ್ರಿ ಗೌಡ್ರ?’

‘ನನ್ನ ಮಾತಿನ ಮ್ಯಾಲ ನಂಬಿಕಿಲ್ಲೇನಲೇ?’

ನಂಬಿದ. ಆ ಒಂದು ಸಲ ಬಲೆ ಒಣಗಿಸದೆ ಮರುದಿನವೇ ತನ್ನ ಹೊಂಡಕ್ಕೆ ಇಳಿಸಿದ.

ಎಂಟು ದಿನದಲ್ಲಿ ಎರಡೂ ಹೊಂಡದ ಮೀನು ಸತ್ತು ತೇಲಿದವು. ಸಂತೆಯಲ್ಲಿ ಅವನ ಕಾಲರ್ ಹಿಡಿದೆ. ‘ನಿನ್ನ ಹೊಲಸು ಬಲಿ ನನ್ನ ಹೊಂಡ ಹಾಳ್ ಮಾಡ್ಯಾದ!’ ಅವನು ಹೊತ್ತು ತಂದಿದ್ದ ಬಲೆಯನ್ನು ಅಲ್ಲೇ ರಾಶಿ ಹಾಕಿ, ಡೀಸೆಲ್ ಸುರಿದು ಸುಟ್ಟೆ. ಅಷ್ಟಕ್ಕೂ ತಣಿಯದೆ, ಶಹಾಪುರದ ತನಕ ಯಾರೂ ಅವನನ್ನು ಕೆಲಸಕ್ಕೆ ಕರೆಯದಂತೆ ಮಾಡಿದೆ.

ನಾನು ಬದುವಿಗೆ ಎಸೆದ ಮೀನೊಂದು, ತನ್ನದೊಂದು ಐಸಿನಲ್ಲಿಟ್ಟು ಅವನು ಕರಾವಳಿಯ ಪ್ರಯೋಗಾಲಯಕ್ಕೆ ಒಯ್ದದ್ದು ನನಗೆ ಗೊತ್ತಿರಲಿಲ್ಲ. ಮೂರು ತಿಂಗಳ ಮೇಲೆ ಅಲ್ಲಿ ಕೆಲಸ ಮಾಡುವ ಸುರಪುರದ ಹುಡುಗಿ ಉಮಾ ವರದಿ ತಂದಳು. ಚಹಾದಂಗಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡಳು.

‘ಕಾಕಾ, ರೋಗಾಣು ಒಂದರಿಂದ ಒಂದು ಹುಟ್ಟಾಗ ಜೀನಿನ್ಯಾಗ ಅಲ್ಲಲ್ಲಿ ಬದಲಾಗ್ತದ. ಆ ಬದಲಾವಣಿ ಮುಂದಿನ ಪೀಳಿಗಿಗೂ ಹೋಗ್ತದ. ಅದನ್ನ ಓದಿದ್ರ ಯಾವುದು ಅವ್ವ, ಯಾವುದು ಮಗಳು ತಿಳೀತದ.’

‘ಹೆಳವ ಬಂದು ವಂಶ ಓದಿದಂಗೇನು?’ ಎಂದೆ.

‘ಹಂಗೇರಿ. ನಿಮ್ಮ ಹೊಂಡದ್ದು ಅವ್ವ, ಇವರದು ಮಗಳು. ನಿಮ್ಮದರಾಗಿನ ಬದಲಾವಣಿ ಎಲ್ಲಾ ಇವರದರಾಗ ಅವ, ಮ್ಯಾಲ ಎರಡು ಹೊಸಾವು. ಔಷಧಿಗೆ ಸಾಯದ ಗುಣ ನೀವು ಮರಿ ತಂದ ಕಡಿ ರೋಗಾಣುವಿನ್ಯಾಗ ಇಲ್ಲ, ನಿಮ್ಮಲ್ಲೇ ಮೊದಲು ಕಾಣ್ತದ. ಔಷಧಿ ಏನರ ಹಾಕಿದ್ರೇನು? ಮೆತ್ತನ್ನವು ಸತ್ತು ಗಟ್ಟಿ ಇದ್ದವು ಉಳದಾವ.’

ಅಯ್ಯಣ್ಣ ನನ್ನ ಕಾಲರ್ ಹಿಡಿಯಲಿ ಎಂದು ಎದ್ದು ನಿಂತೆ. ಅವನು ಚಹಾ ಮುಗಿಸಿ, ಲೋಟ ಬೋರಲು ಹಾಕಿ ಹೋದ.

ಈಗ ಕಡೇಚೂರಿನ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಾನೆ. ಸಂತೆಯಲ್ಲಿ ಎದುರಾದರೆ ನನ್ನನ್ನು ದಾಟಿ ಹಿಂದೆ ಬರುವವನಿಗೆ ‘ಶರಣ್ರಿ’ ಎನ್ನುತ್ತಾನೆ. ಇಂಥ ಸೇಡು ನನಗೆ ತಿಳಿದಿರಲಿಲ್ಲ.

ಹೊಸ ಬಲೆ ಕೊಂಡು ಅವನ ಬಾಗಿಲಿಗೆ ಒಯ್ದೆ. ಹೆಂಡತಿ ಮೌನಮ್ಮ ಮುಟ್ಟಲಿಲ್ಲ.

‘ಅವರಪ್ಪ ಹೆಣೆದದ್ದು ತರ್ರಿ, ತೊಗೋತಾರಂತ.’

ಬಲೆ ನಮ್ಮ ಮನೆಯ ಗೂಟಕ್ಕೇ ತೂಗುತ್ತಿದೆ. ಇನ್ನೂ ನೀರು ಕಂಡಿಲ್ಲ.