ಬೇರಿಂಗಿಗೆ ತಲುಪದ ಎಣ್ಣೆ

ಬೆಳಗಿನ ಐದೂವರೆ. ಗಂಗೆಯ ದಡದ ಜಂಗಮವಾಡಿಯ ಓಣಿಯಲ್ಲಿ ದಾನಯ್ಯನವರ ಗ್ಯಾರೇಜಿನ ಬಲ್ಬು ಮಾತ್ರ ಉರಿಯುತ್ತಿದೆ. ಬೆಂಚಿನ ಮೇಲೆ ಐವತ್ತು ವರ್ಷ ಹಳೆಯ ದೋಣಿ ಮೋಟಾರು ಹೊಟ್ಟೆ ಬಿಚ್ಚಿಕೊಂಡು ಕೂತಿದೆ. ಅದರ ಮೇಲಿನ ಬೇರಿಂಗು ಸುಟ್ಟು ಕಪ್ಪಾಗಿದೆ. ಮೋಟಾರಿನ ಒಡೆಯ, ಅಂಬಿಗ ರಾಮಲಖನ್, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ.

"ಮಿಸ್ತ್ರೀಜೀ, ನಿನ್ನೆ ನಡುಹೊಳೆಯಲ್ಲಿ ಬಿಗಿಹಿಡಿದು ನಿಂತುಬಿಟ್ಟಿತು. ಹದಿನಾಲ್ಕು ಮಂದಿ ಸವಾರಿ ಇದ್ದರು, ಹುಟ್ಟು ಹಾಕಿ ದಡ ಸೇರಿಸಿದೆ. ಶಾಫ್ಟ್ ಹೋಗಿದ್ದರೆ ನನ್ನ ದಂಧೆಯೂ ಹೋಯಿತು."

"ಪೆಟ್ರೋಲಿಗೆ ಎಣ್ಣೆ ಬೆರೆಸಿದ್ದೆಯಾ?"

"ಗಂಗಾ ಮೈಯಾ ಕಸಮ್! ಅಳೆದೇ ಹಾಕಿದ್ದೇನೆ."

ಈ ಮೋಟಾರಿಗೆ ಎಣ್ಣೆಯ ಬೇರೆ ತೊಟ್ಟಿ ಇಲ್ಲ. ಪೆಟ್ರೋಲಿನ ಜತೆ ಒಳಬಂದ ಎಣ್ಣೆ, ಒಳಗೋಡೆಯ ಎರಡು ಮಿಲಿಮೀಟರ್ ತೂತಿನಿಂದ ನುಸುಳಿ ಬೇರಿಂಗು ಮುಟ್ಟಬೇಕು. ಐವತ್ತೆಂಟರ ದಾನಯ್ಯ ಈ ದಾರಿಗಳನ್ನು ಕಲಿತದ್ದು ತಂದೆ ಕೊಟ್ಟೂರಯ್ಯನವರಿಂದ. ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಮಠದ ನೀರಿನ ಪಂಪು ನೋಡಿಕೊಳ್ಳುತ್ತಿದ್ದವರು ಅವರು. ಈಗ ದೋಣಿಗಳಿಗೆ ಗ್ಯಾಸ್ ಇಂಜಿನ್ ಬಂದಿದೆ. ಹಳೆಯ ಮೋಟಾರುಗಳಿಗೆ ಬಿಡಿಭಾಗವೂ ಇಲ್ಲ, ಬೇರೆ ಮಿಸ್ತ್ರಿಯೂ ಇಲ್ಲ. ದಿನಕ್ಕೆ ಹನ್ನೆರಡು ತಾಸು ದುಡಿಯುವ ದಾನಯ್ಯ ಬೇರಿಂಗಿನ ಬುಷ್ಷುಗಳನ್ನು ತಾವೇ ಕಡೆದು ಮಾಡುತ್ತಾರೆ.

ಅವರು ತೂತಿಗೆ ತೆಳು ತಂತಿ ತೂರಿಸುತ್ತಾರೆ. ತಂತಿ ಹೋಗುವುದಿಲ್ಲ. ಒತ್ತಿ ಎಳೆದಾಗ ತುದಿಗೆ ಬೂದುಬಣ್ಣದ ಗಟ್ಟಿ ಮುದ್ದೆ ಅಂಟಿಕೊಂಡು ಬರುತ್ತದೆ. ಬೆರಳಲ್ಲಿ ತಿಕ್ಕಿ ನೋಡುತ್ತಾರೆ.

ವಿಭೂತಿ.

ಮೋಟಾರು ಜೋಡಿಸಿದ ಮೇಲೆ ಹೊರಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಎಳೆಯುವುದು ತಂದೆಯ ಕಾಲದ ರೂಢಿ. ಹೋದ ಶಿವರಾತ್ರಿಯಿಂದ ದಾನಯ್ಯ, ಒಳಗೂ ಇರಲಿ ಎಂದು, ಜೋಡಿಸುವ ಮುನ್ನ ಒಳಗೋಡೆಗೂ ಹಸಿ ವಿಭೂತಿ ಎಳೆಯತೊಡಗಿದ್ದರು.

ಚಹಾ ತಂದ ಹೆಂಡತಿ ದಾಕ್ಷಾಯಣಿ ಗಾಬರಿಯಾಗುತ್ತಾರೆ. "ಯಾಕ್ರೀ, ಮಾರಿ ಹಿಂಗ್ಯಾಕ ಬಿಳಚಿಕೊಂಡೈತಿ?"

"ಎಣ್ಣಿ ಹೋಗೂ ದಾರಿ ನಾನ ಮುಚ್ಚೀನಿ."

"ವಿಭೂತಿ ಹಚ್ಚಿದ್ರ ಮೋಟಾರ್ ಸುಡತೈತೇನ್ರೀ?"

"ಹಚ್ಚಿದ ಜಾಗಾ ತಪ್ಪೈತಿ."

ರಾಮಲಖನ್‌ಗೆ ದಾನಯ್ಯ ಹಿಂದಿಯಲ್ಲಿ ಎಲ್ಲವನ್ನೂ ಹೇಳುತ್ತಾರೆ, ಒಂದನ್ನೂ ಮುಚ್ಚಿಡದೆ. ಆತ ಬಾಯಿ ತೆರೆದು ನೋಡುತ್ತಾನೆ. "ವಾಹ್ ಮಿಸ್ತ್ರೀಜೀ! ನನ್ನ ಮೋಟಾರಿಗೆ ಸನ್ಯಾಸ ಕೊಟ್ಟುಬಿಟ್ಟಿರಾ?"

ದಾನಯ್ಯ ನಗುವುದಿಲ್ಲ. ಶಾಫ್ಟನ್ನು ಒರೆಸಿ, ಉಗುರಿನಿಂದ ಉದ್ದಕ್ಕೂ ಗೀರುತ್ತಾರೆ. ಉಗುರು ಎಲ್ಲೂ ತಡೆಯುವುದಿಲ್ಲ, ಶಾಫ್ಟಿಗೆ ಪೆಟ್ಟಾಗಿಲ್ಲ. ಬುಷ್ಷು ಮಾತ್ರ ಹೋಗಿದೆ, ಸಂಜೆಗೆ ಹೊಸದು ಸಿದ್ಧವಾದೀತು. ರಾಮಲಖನ್ ನಿಟ್ಟುಸಿರು ಬಿಡುತ್ತಾನೆ.

ಆದರೆ ದಾನಯ್ಯ ಶಾಫ್ಟನ್ನು ಕೆಳಗಿಟ್ಟು ಎದ್ದುಬಿಡುತ್ತಾರೆ. ಶಿವರಾತ್ರಿಯ ನಂತರ ಅವರು ಜೋಡಿಸಿದ ಮೋಟಾರು ಇದೊಂದೇ ಅಲ್ಲ. ಇನ್ನೂ ಮೂರು ಈ ಹೊತ್ತಿನಲ್ಲೇ ಯಾತ್ರಿಕರನ್ನು ಹೊತ್ತು ಹೊಳೆಗಿಳಿಯುತ್ತಿವೆ.

ಚಹಾ ಮುಟ್ಟದೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಆ ದೋಣಿಗಳು ಹೊರಡುವ ದಶಾಶ್ವಮೇಧ ಘಾಟಿನ ಕಡೆ ಹೊರಡುತ್ತಾರೆ.

"ಮೂವತ್ತು ವರ್ಷದಾಗ ಯಾರೂ ನನ್ನ ಕೆಲಸ ಬಿಚ್ಚಿ ನೋಡಿಲ್ಲ," ಎನ್ನುತ್ತಾರೆ ಬಾಗಿಲಿಗೆ ಬಂದ ಹೆಂಡತಿಗೆ, ನಡಿಗೆ ನಿಲ್ಲಿಸದೆ. "ಇವತ್ತ ಬಿಚ್ಚರಿ ಅಂತ ನಾನ ಕೈಮುಗಿಬೇಕಾಗೇತಿ. ಬೈದ್ರ ಬೈಲಿ. ಮೋಟಾರ್ ಮತ್ತ ನನ್ನ ಕೈಯಾಗ ಕೊಟ್ರ ಸಾಕು."