ಹಳದಿ ಬಟನ್ನಿನ ಮೇಲಿನ ವಿಭೂತಿ

ಮಾನ್ಯ ಓದುಗರ ಅವಗಾಹನೆಗೆ,

ವಿಷಯ: ಗೋಕಾಕದ ಹಳೆಯ ವಿಡಿಯೋ ಗೇಮ್ ಯಂತ್ರವೊಂದು ಪುನಃ ಚಾಲನೆಗೊಂಡ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದ ಈ ಬರಹವು ನನ್ನ ಮೊದಲನೆಯದು. ಹುಕ್ಕೇರಿಯ ಕಚೇರಿಯೊಂದರಲ್ಲಿ ಬಹಳ ವರ್ಷ ಟಿಪ್ಪಣಿ ಮತ್ತು ಪತ್ರಗಳನ್ನಷ್ಟೇ ಬರೆದ ಕೈಗೆ ಬೇರೆ ಬಗೆ ಒಗ್ಗಿಲ್ಲವಾದ್ದರಿಂದ, ಲೋಪವಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ. ಆದರೆ ಕಣ್ಣಾರೆ ಕಂಡದ್ದನ್ನು ದಾಖಲಿಸದೆ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ನನ್ನ ಬಾಲ್ಯ ಗೋಕಾಕದಲ್ಲಿ ಕಳೆಯಿತು. ನಮ್ಮ ಓಣಿಯ ತಿರುವಿನಲ್ಲಿ ಒಂದೇ ಕೋಣೆಯ ವಿಡಿಯೋ ಗೇಮ್ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವರನ್ನು ಕಾಕಾ ಎಂದೂ ಅವರ ಪತ್ನಿಯನ್ನು ಕಾಕು ಎಂದೂ ಓಣಿಯವರೆಲ್ಲ ಕರೆಯುತ್ತಿದ್ದೆವು. ಇದ್ದದ್ದು ಒಂದೇ ಯಂತ್ರ. ಕಪಾಟಿನಷ್ಟು ಎತ್ತರದ ಪ್ಲೈವುಡ್ ಪೆಟ್ಟಿಗೆ, ಎದೆಯಲ್ಲಿ ಟಿವಿ, ಕೆಳಗೆ ಕೆಂಪು ತಲೆಯ ಹಿಡಿಕೆ ಮತ್ತು ಒಂದು ದೊಡ್ಡ ಹಳದಿ ಬಟನ್. ಆಕಾಶದಿಂದ ಸಾಲುಸಾಲಾಗಿ ಇಳಿಯುವ ಹುಳುಗಳನ್ನು ಕೆಳಗಿನ ಪುಟ್ಟ ವಿಮಾನದಿಂದ ಹೊಡೆದುರುಳಿಸುವ ಆಟ. ಬಿಸಿಲಿನಿಂದ ಆ ಕತ್ತಲ ಕೋಣೆಗೆ ಹೊಕ್ಕು ಬಣ್ಣದ ಬೆಳಕು ಮುಖಕ್ಕೆ ಬಿದ್ದೊಡನೆ, ಹೊಳೆ ತುಂಬಿದಾಗ ಗೋಕಾಕ ಫಾಲ್ಸಿನ ಎದುರು ನಿಂತವರಂತೆ ನನ್ನ ಮಾತು ಹೋಗುತ್ತಿತ್ತು.

ಕಾಕು ಒಮ್ಮೆಯೂ ಆಡಿದವರಲ್ಲ. ಅದು ಗಿರಾಕಿಗಳ ಮಷಿನ್, ಮನೆಮಂದಿ ಆಡಬಾರದು ಎಂಬುದು ಕಾಕಾ ಹಾಕಿದ್ದ ಕಟ್ಟಳೆ. ಅಂಗಡಿಯ ಹಿಂದೆಯೇ ಅಡುಗೆಮನೆ, ನಡುವೆ ಅಡ್ಡ ಕಟ್ಟಿದ ಒಂದು ಸೀರೆ. ಅದರಾಚೆ ಅವರು ರೊಟ್ಟಿ ಬಡಿಯುತ್ತ, ಯಂತ್ರದ ಸದ್ದನ್ನಷ್ಟೇ ಕೇಳಿ ತೀರ್ಪು ಕೊಡುತ್ತಿದ್ದರು. "ಹೋತು ನೋಡ್ ಅವಂದು" ಎಂದರೆಂದರೆ, ಮರುಗಳಿಗೆಯಲ್ಲೇ ನನ್ನ ವಿಮಾನ ಸಿಡಿಯುತ್ತಿತ್ತು. ನೋಡದೆ ಹೇಗೆ ತಿಳಿಯುತ್ತದೆಂದು ನಾವು ಬೆರಗಾಗುತ್ತಿದ್ದೆವು. ಅಮವಾಸ್ಯೆಯ ಪೂಜೆಯ ದಿನ ಮಾತ್ರ ಅವರು ಈಚೆ ಬಂದು ಯಂತ್ರ ಮುಟ್ಟುತ್ತಿದ್ದರು. ಹಳದಿ ಬಟನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಕಾಯಿ ಒಡೆದು ಅದರ ನೀರು ಚಿಮುಕಿಸುತ್ತಿದ್ದರು.

ಕಾಕಾ ತೀರಿಕೊಂಡು ಈಗ ಬಹಳ ವರ್ಷವಾಯಿತು. ಅದೇ ತಿಂಗಳು ಯಂತ್ರದ ಆಟವೂ ನಿಂತಿತು. ಇಬ್ಬರು ಮೆಕ್ಯಾನಿಕ್‌ಗಳು ಬಂದು ನೋಡಿದರೂ ಸರಿಯಾಗಲಿಲ್ಲ. ಕಾಕಾ ಹೋದ ಸಂಕಟಕ್ಕೆ ನಿಂತಿತೆಂದು ಕಾಕು ನಂಬಿದರು, ಓಣಿಯೂ ನಂಬಿತು. ಅಮವಾಸ್ಯೆಯ ಪೂಜೆ ಮಾತ್ರ ತಪ್ಪಲಿಲ್ಲ.

ಹಳೆಯ ಗೇಮುಗಳನ್ನು, ಅವುಗಳ ಹಿಡಿಕೆಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ರಜಾದಿನಗಳ ಹವ್ಯಾಸ. ಇದನ್ನು ತಿಳಿದೇ ಕಳೆದ ಬೇಸಿಗೆಯಲ್ಲಿ ಕಾಕು ದೂರವಾಣಿ ಮಾಡಿದರು.

"ತಮ್ಮಾ, ಅಂಗಡಿ ಅರಿವಿ-ಬಟ್ಟಿ ವ್ಯಾಪಾರದವ್ರಿಗೆ ಕೊಟ್ಟೇವಿ. ರವಿವಾರ ಮಷಿನ್ ಗುಜರಿಗೆ ಹೋಗತೈತಿ. ಅಷ್ಟರೊಳಗ ಒಂದ ಸಲ ಆಡಬೇಕಾಗೇತಿ."

"ಯಾರ್ರಿ ಕಾಕು, ನೀವ?"

"ಯಾಕ, ನನಗ ಕೈ ಇಲ್ಲೇನು?"

ಗುರುವಾರ ರಜೆ ಪಡೆದು ಗೋಕಾಕಕ್ಕೆ ತೆರಳಿದೆನು. ಸದರಿ ಯಂತ್ರದ ಟಿವಿ ಹೊತ್ತಿಕೊಂಡಿತು, ಹುಳುಗಳು ಇಳಿದವು, ಹಿಡಿಕೆ ತಿರುಗಿದತ್ತ ವಿಮಾನ ಸರಿಯಿತು. ಗುಂಡು ಮಾತ್ರ ಹಾರಲಿಲ್ಲ. ಬೋರ್ಡು ಕೆಟ್ಟಿದೆಯೆಂದು ತೀರ್ಮಾನಿಸಿ, ಅದನ್ನು ಟವಲಿನಲ್ಲಿ ಸುತ್ತಿ ಮರುದಿನ ಮೂಡಲಗಿಯ ಹಿರಿಯ ರೇಡಿಯೋ ರಿಪೇರಿಯವರ ಬಳಿ ಒಯ್ದೆನು. ಅವರು ಅರ್ಧ ದಿನ ಪರೀಕ್ಷಿಸಿ ತಲೆಯೆತ್ತಿದರು.

"ಬೋರ್ಡ್ ಗಟ್ಟಿಮುಟ್ಟ ಐತ್ರಿ ಸಾಹೇಬ್ರ. ಬಟನ್ ಬಿಚ್ಚಿ ನೋಡೀರೇನು?"

"ಇಲ್ರಿ. ಅದರ ಮ್ಯಾಲ ವಿಭೂತಿ ಐತಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನನ್ನ ಹಣಿ ಮ್ಯಾಲೂ ಐತಿ. ದವಾಖಾನಿಗೆ ಹೋದ್ರ ಡಾಕ್ಟರ್ ನನ್ನ ಮುಟ್ಟೂದಿಲ್ಲೇನು?"

ಅದು ನಿಜವೇ ಆಗಿತ್ತು. ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾದದ್ದು ಬಟನ್. ಪೂಜೆಯ ಗುರುತನ್ನು ಅಳಿಸಲು ಕೈ ಬಾರದೆ ನಾನೂ ಬಿಚ್ಚಿರಲಿಲ್ಲ, ನನಗಿಂತ ಮೊದಲು ನೋಡಿದ ಇಬ್ಬರು ಮೆಕ್ಯಾನಿಕ್‌ಗಳೂ ಬಿಚ್ಚಿರಲಿಲ್ಲ.

ಶನಿವಾರ ಬೆಳಿಗ್ಗೆ ಕೈತೊಳೆದು ಬಟನ್ ಕಳಚಿದೆನು. ಒತ್ತಿದಾಗ ಒಂದಕ್ಕೊಂದು ತಾಗಬೇಕಾದ ಎರಡು ಹಿತ್ತಾಳೆ ಪಟ್ಟಿಗಳ ನಡುವೆ ವಿಭೂತಿ, ಕುಂಕುಮ, ಕಾಯಿನೀರು ಸೇರಿ ಗಾರೆಯಂತೆ ಗಟ್ಟಿಯಾಗಿದ್ದವು. ಬ್ಲೇಡಿನಿಂದ ಕೆರೆದೆನು. ಪದರು ಪದರಾಗಿ ಉದುರಿತು, ಬಿಳಿ, ಕೆಂಪು, ಮತ್ತೆ ಬಿಳಿ. ಅಷ್ಟೂ ವರ್ಷಗಳ ಅಮವಾಸ್ಯೆಗಳು ನನ್ನ ಅಂಗೈ ಮೇಲಿದ್ದವು. ವಿಭೂತಿಯನ್ನು ಕಸಕ್ಕೆ ಹಾಕುವಂತಿಲ್ಲ. ಕಾಗದದಲ್ಲಿ ಕಟ್ಟಿ, ಎಲ್ಲಿಡಲೆಂದು ಕಾಕುವನ್ನೇ ಕೇಳಬೇಕಾಯಿತು.

ಅವರು ಪೊಟ್ಟಣ ಬಿಚ್ಚಿ ನೋಡಿದರು.

"ಇದು ನಾ ಹಚ್ಚಿದ್ದ ಅಲ್ಲ? ಹಂಗಾರ ಬಂದ್ ಮಾಡಿದಾಕಿ ನಾನ. ಅವರು ಹೋದ ಸಂಕಟಕ್ಕ ನಿಂತೈತಿ ಅಂತ ಊರತುಂಬ ಹೇಳ್ಕೊಂಡ ಬಂದ್ನೆಲ್ಲೋ!"

"ತಿಳೀದ ಆದದ್ದರಿ ಕಾಕು. ಬರ್ರಿ, ಆಡ್ರಿ."

"ನಾ ಮುಟ್ಟೂದಿಲ್ಲ. ನೀನ ಆಡು. ನಾಳೆ ಗುಜರಿಯವ್ರು ಒಯ್ಲಿ."

ಹಾಗೆಂದು ಸೀರೆಯಾಚೆ ಹೋಗಿಬಿಟ್ಟರು. ನಾನು ಬಟನ್ನನ್ನೂ ಬೋರ್ಡನ್ನೂ ಮತ್ತೆ ಕೂಡಿಸಿ ಆಟ ಶುರು ಮಾಡಿದೆನು. ಅಷ್ಟು ವರ್ಷಗಳ ತರುವಾಯ ಗುಂಡಿನ ಸದ್ದು ಆ ಕೋಣೆಯನ್ನು ತುಂಬಿತು. ಮೊದಲ ವಿಮಾನ ಹೋಯಿತು. ಎರಡನೆಯದೂ ಹೋಗುವುದರಲ್ಲಿತ್ತು.

"ಎಡಕ್ಕ ಸರಿಯೋ, ದೊಡ್ಡದು ಬಂತು!" ಒಳಗಿನಿಂದ ಧ್ವನಿ ಬಂತು. "ಕೇಳಸೂದಿಲ್ಲೇನ ನಿನಗ?"

ನನಗೆ ಏನೂ ಕೇಳಿಸಿರಲಿಲ್ಲ. ವಿಮಾನ ಸಿಡಿಯಿತು.

"ಅಯ್ಯ, ಇಷ್ಟ ವರ್ಷಾತು, ಆಗೂ ಹಿಂಗ, ಈಗೂ ಹಿಂಗ! ಸರಿ ಆಕಡೆ!"

ಸೀರೆ ಸರಿಸಿ ಬಂದವರು ನನ್ನನ್ನು ಮೊಣಕೈಯಿಂದ ದೂಡಿ ನಿಂತೇಬಿಟ್ಟರು. ಉಳಿದದ್ದು ಒಂದೇ ವಿಮಾನ. ಎಡಗೈ ಹಿಡಿಕೆಗೆ ಹೋಯಿತು. ಬಲಗೈ ಬಟನ್ನನ್ನು ಬೆರಳಿನಿಂದ ಒತ್ತಲಿಲ್ಲ, ಅಂಗೈಯಿಂದ ಬಡಿಯಿತು, ರೊಟ್ಟಿ ಬಡಿದ ಹಾಗೆ, ಅದೇ ಲಯದಲ್ಲಿ. ಕಣ್ಣುಗಳು ಅರ್ಧ ಮುಚ್ಚಿದ್ದವು. ದೊಡ್ಡ ಹುಳು ಕಾಣಿಸುವ ಮೊದಲು ಯಂತ್ರ ಸಣ್ಣಗೆ ಗುಂಯ್ ಎನ್ನುತ್ತದೆಂಬುದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆನು. ಆ ಸದ್ದಿಗೆ ಅವರ ವಿಮಾನ ಸರಿದು ನಿಲ್ಲುತ್ತಿತ್ತು. ಒಂದು ಸುತ್ತು ಮುಗಿಯಿತು, ಎರಡು ಮುಗಿದವು. ಮೂರನೆಯದರಲ್ಲಿ ಆಕಾಶ ನೀಲಿ ಬಿಟ್ಟು ಹಸಿರಾಯಿತು. ಆ ಬಣ್ಣ ಆ ಯಂತ್ರದೊಳಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ಹಸಿರು ಆಕಾಶದಲ್ಲೇ ಕೊನೆಯ ವಿಮಾನ ಸಿಡಿಯಿತು. ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು.

"ಒಳಗ ಕೇಳಿದ್ದಕ್ಕಿಂತ ಚಂದ ಐತಿ" ಎಂದರು. ಆಮೇಲೆ, "ಗುಜರಿಯವ್ರಿಗೆ ಬ್ಯಾಡ ಅಂತ ಹೇಳು" ಎಂದರು.

ಸದರಿ ಯಂತ್ರವನ್ನು ರವಿವಾರ ಟೆಂಪೋದಲ್ಲಿ ಹುಕ್ಕೇರಿಯ ನಮ್ಮ ಮನೆಗೆ ತರಲಾಯಿತು. ಈಗ ಪ್ರತಿ ಅಮವಾಸ್ಯೆಯ ಮುಂಜಾನೆ ಕಾಕು ಮೊದಲ ಬಸ್ಸಿಗೆ ಬರುತ್ತಾರೆ. ಮೊದಲ ಸಲ ಬಂದಾಗ ವಿಭೂತಿ ಹತ್ತಿದ ಮೂರು ಬೆರಳುಗಳು ಅಭ್ಯಾಸಬಲದಿಂದ ಬಟನ್ನಿನತ್ತ ಹೋಗಿ, ಅರ್ಧದಲ್ಲೇ ನಿಂತು, ಮೇಲಿನ ಪ್ಲೈವುಡ್ಡಿನತ್ತ ಏರಿದವು.

"ಇಲ್ಲಿ ಆದೀತೇನಪಾ?"

"ಆದೀತ್ರಿ ಕಾಕು."

ವಿಭೂತಿ ಎಳೆದರು, ಕುಂಕುಮವಿಟ್ಟರು, ಕಾಯಿಯನ್ನು ಅಂಗಳಕ್ಕೆ ಹೋಗಿ ಒಡೆದು ಬಂದರು. ಆಮೇಲೆ ಕೈ ಒರೆಸಿಕೊಂಡು, "ಮಷಿನ್ ಹಚ್ಚು ಇನ್ನ" ಎಂದರು. ನಾನು ಸ್ವಿಚ್ ಒತ್ತಿದೆನು.